ಗಡಿಸೀಮೆಯ ನಟಿ: ಸೌಂದರ್ಯ, 1992–2004

ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಮುಳಬಾಗಿಲು ಹಾದು ನಂಗಲಿ ದಾಟಿದರೆ ಆಂಧ್ರ. ಈ ದಾರಿಯ ಬಹುಪಾಲು ಒಂದು ಕಾಲಕ್ಕೆ ಸುಗಟೂರಿನ ಪಾಳೆಯಗಾರರ ಕೈಯಲ್ಲಿತ್ತು. ಕೋಲಾರ ತಾಲ್ಲೂಕಿನ ಸುಗಟೂರಿನಿಂದ ಎದ್ದ ತಮ್ಮೇಗೌಡರ ಮನೆತನ ಪೆನುಕೊಂಡೆಯ ಅರಸರಿಗೆ ನಿಷ್ಠೆ ತೋರಿಸಿ ಬೆಳೆಯಿತು, ಹೊಸಕೋಟೆಯನ್ನು ಕಟ್ಟಿಸಿತು. ಪೆನುಕೊಂಡೆಯ ದರ್ಬಾರಿಗೂ ಕೋಲಾರದ ಹೊಲಗದ್ದೆಗಳಿಗೂ ನಡುವೆ ಭಾಷೆಯ ಬೇಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಕೆಜಿಎಫ್ ಕಡೆ ಹೊರಳಿದರೆ ತಮಿಳು ಸೇರಿಕೊಳ್ಳುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ಮನೆಮಾತು ತಮಿಳಾಗಿದ್ದೂ ಕನ್ನಡದ ಆಸ್ತಿಯಾದರು. ಮುಳಬಾಗಿಲಿನ ಡಿ.ವಿ.ಜಿ. ಕನ್ನಡಕ್ಕೆ ಕಗ್ಗ ಕೊಟ್ಟರು.

ಅದೇ ಮುಳಬಾಗಿಲು ಸೀಮೆ ಸಿನಿಮಾಕ್ಕೆ ಕೊಟ್ಟವರು ಸೌಂದರ್ಯ. ಹನ್ನೆರಡು ವರ್ಷ, ಐದು ಭಾಷೆ, ನೂರಕ್ಕೂ ಹೆಚ್ಚು ಚಿತ್ರ. ದಕ್ಷಿಣ ಭಾರತದ ದೊಡ್ಡ ನಾಯಕರ ಪಟ್ಟಿ ಮಾಡಿದರೆ ಅವರಲ್ಲಿ ಹೆಚ್ಚಿನವರ ಎದುರು ನಟಿಸಿದ ಈ ಹೆಣ್ಣುಮಗಳನ್ನು ತೆಲುಗಿನವರು ಇಂದಿಗೂ ತಮ್ಮ ಮನೆಯ ಮಗಳೆಂದೇ ನೆನೆಯುತ್ತಾರೆ. ಕನ್ನಡಿಗರು ಹೆಚ್ಚಾಗಿ ನೆನೆಯುವುದು 'ಆಪ್ತಮಿತ್ರ'ದ ನಾಗವಲ್ಲಿಯನ್ನು ಮತ್ತು ಜಕ್ಕೂರಿನ ವಿಮಾನ ದುರಂತವನ್ನು. ಇವೆರಡರ ನಡುವೆ ಅವರು ತಾವೇ ಮನಸ್ಸು ಮಾಡಿ, ತಾವೇ ಹಣ ಹೂಡಿ ಮಾಡಿದ ಒಂದು ಕೆಲಸ ಮರೆಯಾಗಿಬಿಡುತ್ತದೆ. ಅವರ ವೃತ್ತಿಜೀವನದ ಕೇಂದ್ರ ಆ ಕೆಲಸವೇ ಎಂದು ನಾನು ನಂಬಿದ್ದೇನೆ.

ಹುಟ್ಟುಹೆಸರು ಸೌಮ್ಯ. ತಂದೆ ಕೆ.ಎಸ್. ಸತ್ಯನಾರಾಯಣ ಕನ್ನಡ ಚಿತ್ರರಂಗದಲ್ಲಿ ಬರಹಗಾರರೂ ನಿರ್ಮಾಪಕರೂ ಆಗಿದ್ದವರು. ಹಾಗಾಗಿ ಸಿನಿಮಾ ಮನೆಗೆ ಹೊಸದಲ್ಲ. ಆದರೆ ಮಗಳು ಹೊರಟಿದ್ದು ವೈದ್ಯಕೀಯದ ಕಡೆಗೆ. ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದಾಗ ತಂದೆಯ ಸ್ನೇಹಿತರೊಬ್ಬರು ಪಾತ್ರ ಕೊಟ್ಟರು. 1992ರಲ್ಲಿ 'ಗಂಧರ್ವ' ತೆರೆಗೆ ಬಂತು. ಅದೇ ವರ್ಷ 'ಬಾ ನನ್ನ ಪ್ರೀತಿಸು'. ಎರಡೂ ಕನ್ನಡ. ಓದು ಒಂದೆರಡು ವರ್ಷ ಜೊತೆಗೇ ಸಾಗಿ, ಆಮೇಲೆ ನಿಂತಿತು.

ಆ ಹೊತ್ತಿಗೆ ತೆಲುಗು ಚಿತ್ರರಂಗ ಮದ್ರಾಸನ್ನು ಬಿಟ್ಟು ಹೈದರಾಬಾದಿನಲ್ಲಿ ಬೇರೂರಿತ್ತು. ಮಾರುಕಟ್ಟೆ ದೊಡ್ಡದು, ವರ್ಷಕ್ಕೆ ಬರುವ ಚಿತ್ರಗಳೂ ಹೆಚ್ಚು. ಕನ್ನಡದಲ್ಲಿ ಒಬ್ಬ ನಾಯಕಿಗೆ ವರ್ಷಕ್ಕೆ ಸಿಗುವ ಒಳ್ಳೆಯ ಪಾತ್ರಗಳು ಬೆರಳೆಣಿಕೆಯಷ್ಟು. ಬೆಂಗಳೂರಿನ ಚಿತ್ರಮಂದಿರಗಳಲ್ಲೇ ಕನ್ನಡ ಚಿತ್ರ ತಮಿಳು, ತೆಲುಗು, ಹಿಂದಿಯೊಂದಿಗೆ ಪೈಪೋಟಿ ನಡೆಸಬೇಕಾಗಿದ್ದ ಕಾಲ ಅದು. ಪ್ರತಿಭೆ ಇದ್ದವರು ಆ ಕಡೆ ಹೊರಟರೆ ಆಶ್ಚರ್ಯವಿಲ್ಲ. ಮುಳಬಾಗಿಲಿನ ಹುಡುಗಿಗೆ ಆ ಕಡೆಯೆಂಬುದು ಪರದೇಶವೇನೂ ಆಗಿರಲಿಲ್ಲ. ತಾಲ್ಲೂಕಿನ ಗಡಿಯಾಚೆಗಿನ ಊರು, ಕಿವಿಗೆ ಬಿದ್ದ ಭಾಷೆ.

1993ರಲ್ಲಿ 'ಮನವರಾಲಿ ಪೆಳ್ಳಿ' ಬಂತು. ಅದೇ ವರ್ಷ ಎಸ್.ವಿ. ಕೃಷ್ಣಾರೆಡ್ಡಿಯವರ 'ರಾಜೇಂದ್ರುಡು ಗಜೇಂದ್ರುಡು' ಮತ್ತು 'ಮಾಯಲೋಡು'. ಎರಡರಲ್ಲೂ ನಾಯಕ ರಾಜೇಂದ್ರ ಪ್ರಸಾದ್. 'ಮಾಯಲೋಡು' ಚಿತ್ರದ ಮಳೆಯ ಹಾಡೊಂದರಲ್ಲಿ ಸೌಂದರ್ಯ ಹೆಜ್ಜೆ ಹಾಕಿದ್ದು ನಾಯಕನ ಜೊತೆಗಲ್ಲ, ಹಾಸ್ಯನಟ ಬಾಬು ಮೋಹನ್ ಜೊತೆಗೆ. ಹೊಸ ನಾಯಕಿಯೊಬ್ಬಳು ಹಾಸ್ಯನಟನೊಂದಿಗೆ ಕುಣಿದರೆ ದರ್ಜೆ ಇಳಿಯುತ್ತದೆ ಎಂಬ ಎಣಿಕೆ ಆ ಉದ್ಯಮದಲ್ಲಿ ಗಟ್ಟಿಯಾಗಿತ್ತು. ಸೌಂದರ್ಯ ಒಪ್ಪಿ ಕುಣಿದರು, ಹಾಡು ಆಂಧ್ರದ ತುಂಬ ಓಡಾಡಿತು. 1994ರಲ್ಲಿ ಕೃಷ್ಣ ಅವರೊಂದಿಗೆ 'ನಂಬರ್ ಒನ್', ನಾಗಾರ್ಜುನ ಅವರೊಂದಿಗೆ 'ಹಲೋ ಬ್ರದರ್'. ಎರಡೇ ವರ್ಷದಲ್ಲಿ ಕರೆಯುವವರ ಸಾಲು ಬಾಗಿಲಲ್ಲಿ ನಿಂತಿತು.

ಆದರೆ ನಟಿಯಾಗಿ ಅವರನ್ನು ನಿಲ್ಲಿಸಿದ್ದು 1995ರ 'ಅಮ್ಮೋರು'. ಕೋಡಿ ರಾಮಕೃಷ್ಣ ನಿರ್ದೇಶನ, ಶ್ಯಾಮ್ ಪ್ರಸಾದ್ ರೆಡ್ಡಿ ನಿರ್ಮಾಣ, ದೇವಿಯಾಗಿ ರಮ್ಯಕೃಷ್ಣ. ಗ್ರಾಫಿಕ್ಸ್ ಕೆಲಸಕ್ಕಾಗಿ ಚಿತ್ರ ವರ್ಷಗಟ್ಟಲೆ ಎಳೆಯಿತು. ಸೌಂದರ್ಯ ಅದರಲ್ಲಿ ಭವಾನಿ. ಗ್ರಾಮದೇವತೆಯನ್ನು ನಂಬಿದ, ಮದುವೆಯಾಗಿ ಹೋದ ಮನೆಯವರ ಸಂಚಿಗೆ ಸಿಕ್ಕಿದ ಬಡ ಹೆಣ್ಣು. ಅಂದಿನ ಪ್ರೇಕ್ಷಕ ಗ್ರಾಫಿಕ್ಸ್ ನೋಡಿ ಬೆರಗಾದ. ಇಂದು ಆ ತಂತ್ರ ಹಳತಾಗಿದೆ, ಭವಾನಿಯ ಭಯ ಹಳತಾಗಿಲ್ಲ. ಕೋಲಾರಮ್ಮನ ನಾಡಿನಲ್ಲಿ, ಊರಿಗೊಬ್ಬ ಅಮ್ಮನಿರುವ ಸೀಮೆಯಲ್ಲಿ ಬೇರಿದ್ದವರಿಗೆ ಹೊಸಿಲಲ್ಲಿ ನಿಂತು ದೇವಿಯೊಂದಿಗೆ ಮನೆಯವಳೊಂದಿಗೆ ಎಂಬಂತೆ ಮಾತಾಡುವುದು ಹೇಗೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆಮೇಲೆ ಓದಿಗೆ ಮರಳುವ ಪ್ರಶ್ನೆ ಉಳಿಯಲಿಲ್ಲ.

1996ರ 'ಪವಿತ್ರ ಬಂಧಂ' ಅವರಿಗೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿಯನ್ನು ತಂದಿತು. ಮುತ್ಯಾಲ ಸುಬ್ಬಯ್ಯ ನಿರ್ದೇಶನ, ವೆಂಕಟೇಶ್ ನಾಯಕ, ತಂದೆಯ ಪಾತ್ರದಲ್ಲಿ ನಮ್ಮ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಒಂದು ವರ್ಷದ ಕರಾರಿನ ಮೇಲೆ ಹೆಂಡತಿಯಾಗಿ ಬರುವ ಹೆಣ್ಣಿನ ಕಥೆ. ವೆಂಕಟೇಶ್–ಸೌಂದರ್ಯ ಜೋಡಿ ಅಲ್ಲಿಂದ ಮುಂದೆ 'ಪೆಳ್ಳಿ ಚೇಸುಕುಂದಾಂ' (1997), 'ರಾಜಾ' (1999), 'ಜಯಂ ಮನದೇರಾ' (2000) ಎಂದು ಸಾಗಿತು. ಚಿರಂಜೀವಿ ಜೊತೆ 'ಚೂಡಾಲನಿ ವುಂದಿ' (1998), 'ಅನ್ನಯ್ಯ' (2000). ಸೀರೆ ಉಟ್ಟು, ದೇಹಪ್ರದರ್ಶನಕ್ಕೆ ಒಪ್ಪದೆ, ದಶಕವಿಡೀ ಮುಂಚೂಣಿಯಲ್ಲಿ ಉಳಿದ ನಾಯಕಿಯನ್ನು ತೆಲುಗು ಪತ್ರಿಕೆಗಳು ಅಭಿನವ ಸಾವಿತ್ರಿ ಎಂದು ಕರೆದವು. ಹಿಂದಿನ ತಲೆಮಾರಿನ ನಟಿ ಸಾವಿತ್ರಿಗೆ ಹೋಲಿಸುವುದು ತೆಲುಗಿನಲ್ಲಿ ಸುಮ್ಮನೆ ಸಿಗುವ ಗೌರವವಲ್ಲ.

ಅವರ ಪಾತ್ರಗಳ ತೂಕ ಎಷ್ಟಿತ್ತೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. 'ಪವಿತ್ರ ಬಂಧಂ' ತಮಿಳಿನಲ್ಲಿ 'ಪ್ರಿಯಮಾನವಳೇ' ಆದಾಗ ಆ ಪಾತ್ರವನ್ನು ಸಿಮ್ರನ್ ಮಾಡಿದರು. 'ಪೆಳ್ಳಿ ಚೇಸುಕುಂದಾಂ' ಹಿಂದಿಯಲ್ಲಿ 'ಹಮಾರಾ ದಿಲ್ ಆಪ್ಕೇ ಪಾಸ್ ಹೈ' ಆದಾಗ ಐಶ್ವರ್ಯಾ ರೈ. 'ಅಂತಃಪುರಂ' ಹಿಂದಿಯಲ್ಲಿ 'ಶಕ್ತಿ' ಆದಾಗ ಕರಿಷ್ಮಾ ಕಪೂರ್. ಮೂವರು ತಾರೆಯರು ಇವರು ನಡೆದ ದಾರಿಯಲ್ಲಿ ನಡೆದರು.

'ಅಂತಃಪುರಂ' (1998) ಬಗ್ಗೆ ಒಂದಿಷ್ಟು ನಿಂತು ಹೇಳಲೇಬೇಕು. ಕೃಷ್ಣವಂಶಿ ಅವರ ಈ ಚಿತ್ರದಲ್ಲಿ ಸೌಂದರ್ಯ ಹೊರದೇಶದಲ್ಲಿ ಬೆಳೆದ ಭಾನುಮತಿ. ಗಂಡನ ಕೈ ಹಿಡಿದು ರಾಯಲಸೀಮೆಯ ಹಳ್ಳಿಯ ಅತ್ತೆಮನೆಗೆ ಬರುತ್ತಾಳೆ. ಅಲ್ಲಿ ಮಾವ ನಡೆಸುವುದು ಬಾಂಬು, ಮಚ್ಚುಗಳ ಸಂಸಾರ. ಗಂಡ ಸಾಯುತ್ತಾನೆ. ಮೊಮ್ಮಗನನ್ನು ತನ್ನ ಹಾಗೆಯೇ ಬೆಳೆಸುತ್ತೇನೆನ್ನುವ ಮಾವನ ಕೋಟೆಯಿಂದ ಮಗುವನ್ನು ಎತ್ತಿಕೊಂಡು ಅವಳು ಪಾರಾಗಬೇಕು. ಮಾವ ಪ್ರಕಾಶ್ ರಾಜ್, ಗಂಡ ಸಾಯಿಕುಮಾರ್. ಒಬ್ಬರು ಬೆಂಗಳೂರಿನ ರಂಗಭೂಮಿಯಿಂದ ಹೋದವರು, ಇನ್ನೊಬ್ಬರು 'ಪೊಲೀಸ್ ಸ್ಟೋರಿ'ಯಿಂದ ಕನ್ನಡದ ನಾಯಕರಾದವರು. ಮುಳಬಾಗಿಲಿನ ಗಡಿ ದಾಟಿದರೆ ಸಿಗುವ ಚಿತ್ತೂರು ರಾಯಲಸೀಮೆಯದೇ ಜಿಲ್ಲೆ. ಆ ನಾಡಿನ ಮುಠಾ ದ್ವೇಷದ ಕಥೆಯನ್ನು ಕನ್ನಡದ ನಂಟಿರುವ ಮೂವರು ಮುಂದೆ ನಿಂತು ಆಡಿದರು. ಪ್ರಕಾಶ್ ರಾಜ್ ಅವರಿಗೆ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಸಿಕ್ಕಿತು, ಸೌಂದರ್ಯ ಅವರಿಗೆ ಫಿಲ್ಮ್‌ಫೇರ್. ತೆಲುಗು ಚಿತ್ರಗಳಲ್ಲಿ ಅವರು ಮಾಡಿದ ಎಲ್ಲ ಹೆಂಡತಿಯರ ಪೈಕಿ ಭಾನುಮತಿ ಒಬ್ಬಳೇ ಮನೆಯ ಒಳಗಿನಿಂದಲೇ ಆ ಮನೆಯನ್ನು ಧಿಕ್ಕರಿಸುತ್ತಾಳೆ. ಆ ಬೆಂಕಿ ಮುಂದೆ ಬೇರೊಂದು ಚಿತ್ರದಲ್ಲಿ ಮತ್ತೆ ಕಂಡಿತು.

ತಮಿಳಿನಲ್ಲಿ 1993ರ 'ಪೊನ್ನುಮಣಿ'ಯಿಂದ ಶುರುವಾಗಿ ರಜನೀಕಾಂತ್ ಜೊತೆ 'ಅರುಣಾಚಲಂ' (1997), 'ಪಡೆಯಪ್ಪ' (1999), ಕಮಲ್ ಹಾಸನ್ ಜೊತೆ 'ಕಾದಲಾ ಕಾದಲಾ' (1998). 'ಪಡೆಯಪ್ಪ' ಎಂದರೆ ಎಲ್ಲರಿಗೂ ರಮ್ಯಕೃಷ್ಣರ ನೀಲಾಂಬರಿ ನೆನಪಾಗುತ್ತಾಳೆ. ನ್ಯಾಯವೇ. ಆದರೆ ಎದುರಿನ ವಸುಂಧರೆ ಅಷ್ಟು ಮೆತ್ತಗೆ, ಅಷ್ಟು ಸ್ಥಿರವಾಗಿ ನಿಲ್ಲದೆ ಹೋಗಿದ್ದರೆ ನೀಲಾಂಬರಿಯ ಅಹಂಕಾರ ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. ಅದೇ 1999ರಲ್ಲಿ ಹಿಂದಿಯ 'ಸೂರ್ಯವಂಶಂ', ಅಮಿತಾಭ್ ಬಚ್ಚನ್ ಎದುರು. ಓದು ಬಾರದ ಗಂಡನ ಬೆಂಬಲದಿಂದ ಓದಿ ಕಲೆಕ್ಟರ್ ಆಗುವ ರಾಧಾ. ಟಿವಿಯಲ್ಲಿ ಮತ್ತೆ ಮತ್ತೆ ಬಂದು ಬಂದು ಆ ಚಿತ್ರ ಉತ್ತರ ಭಾರತದ ಮನೆಮನೆಯ ಪಾಲಾಯಿತು. ಮಲಯಾಳದಲ್ಲಿ ಸತ್ಯನ್ ಅಂತಿಕ್ಕಾಡ್ ಅವರ 'ಯಾತ್ರಕ್ಕಾರುಡೆ ಶ್ರದ್ಧಕ್ಕು' (2002), ಪ್ರಿಯದರ್ಶನ್ ಅವರ 'ಕಿಳಿಚ್ಚುಂಡನ್ ಮಾಂಬಳಂ' (2003), ಎರಡೇ.

ಈ ಓಡಾಟದ ನಡುವೆ ಕನ್ನಡಕ್ಕೆ ಅವರು ಆಗಾಗ ಬಂದು ಹೋಗುತ್ತಿದ್ದರು. 1996ರಲ್ಲಿ ರವಿಚಂದ್ರನ್ ಜೊತೆ 'ಸಿಪಾಯಿ'. 'ದೋಣಿ ಸಾಗಲಿ' ಚಿತ್ರಕ್ಕೆ ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ. 2001ರಲ್ಲಿ ಕೆ. ರಾಘವೇಂದ್ರ ರಾವ್ ಅವರ 'ಶ್ರೀ ಮಂಜುನಾಥ', ಕನ್ನಡ ತೆಲುಗು ಎರಡರಲ್ಲೂ ಏಕಕಾಲಕ್ಕೆ ಮಾಡಿದ ಚಿತ್ರ. ಎರಡು ಭಾಷೆಯ ನಡುವೆ ಬದುಕಿದವರಿಗೆ ಹೊಂದುವ ಕೆಲಸ.

ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಬೇರೆಯವರು ಕರೆದು ಕೊಟ್ಟ ಪಾತ್ರಗಳು. ಆಮೇಲೆ 'ದ್ವೀಪ' ಬಂತು.

ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಕಣಿವೆಯನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರುಗಳು, ತೋಟಗಳು, ದೇವಸ್ಥಾನಗಳು ಹೋದದ್ದನ್ನು ಅವರಷ್ಟು ನೋವಿನಿಂದ ಬರೆದವರು ಕಡಿಮೆ. ಅವರ ಕಿರುಕಾದಂಬರಿ 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ತೆರೆಗೆ ತಂದರು. ನಿರ್ಮಾಪಕಿ ಸೌಂದರ್ಯ. ನಾಗಿಯ ಪಾತ್ರದಲ್ಲಿಯೂ ಅವರೇ. ಗಂಡ ಗಣಪನಾಗಿ ಅವಿನಾಶ್, ಮಾವ ದುಗ್ಗಜ್ಜನಾಗಿ ಎಂ.ವಿ. ವಾಸುದೇವರಾವ್, ತವರಿನ ಕಡೆಯಿಂದ ಬರುವ ಕೃಷ್ಣನಾಗಿ ಹರೀಶ್ ರಾಜ್.

ಇದು ಸಣ್ಣ ತೀರ್ಮಾನವಲ್ಲ. ರಜನೀಕಾಂತ್, ಚಿರಂಜೀವಿ, ಅಮಿತಾಭ್ ಎದುರು ನಟಿಸಿ ಬಂದ ತಾರೆ ಹಾಡಿಲ್ಲದ, ಹೊಡೆದಾಟವಿಲ್ಲದ, ನಾಲ್ಕು ಮುಖ್ಯ ಪಾತ್ರಗಳ ಒಂದು ಮಳೆಯ ಚಿತ್ರಕ್ಕೆ ಹಣ ಹಾಕುತ್ತಾರೆ. ಹಾಕಿದ ಹಣ ಬರುವ ಭರವಸೆ ಆ ಬಗೆಯ ಚಿತ್ರಗಳಿಗೆ ಎಂದೂ ಇರಲಿಲ್ಲ. ತೆಲುಗಿನಲ್ಲಿ ದುಡಿದದ್ದನ್ನು ಕನ್ನಡದಲ್ಲಿ ಸುರಿದರು ಎಂದೇ ನಾನು ಇದನ್ನು ಓದುತ್ತೇನೆ. ನಮ್ಮಲ್ಲಿ ಇದಕ್ಕೊಂದು ಮೇಲ್ಪಂಕ್ತಿಯೂ ಇತ್ತು. 1997ರಲ್ಲಿ ಜಯಮಾಲಾ ತಾವೇ ನಿರ್ಮಿಸಿ, ನಟಿಸಿದ 'ತಾಯಿ ಸಾಹೇಬ'ವನ್ನು ಕಾಸರವಳ್ಳಿಯವರಿಂದಲೇ ಮಾಡಿಸಿದ್ದರು.

ದೂರದ ಫಿಲಿಪ್ಪೀನ್ಸ್‌ನಲ್ಲೂ ಇಂಥದ್ದು ನಡೆದಿತ್ತು. ನೋರಾ ಔನೋರ್ ಇರಿಗಾ ಎಂಬ ಊರಿನ ಬಡ ಮನೆಯಿಂದ ಹಾಡಿನ ಸ್ಪರ್ಧೆಯ ಮೂಲಕ ಮೇಲೆ ಬಂದು ಜನಪ್ರಿಯ ಚಿತ್ರಗಳ ರಾಣಿಯಾದ ನಟಿ. ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿ 1976ರಲ್ಲಿ ಮಾರಿಯೋ ಒಹಾರಾ ನಿರ್ದೇಶನದಲ್ಲಿ ಜಪಾನೀ ಆಕ್ರಮಣ ಕಾಲದ ಚಿತ್ರವೊಂದನ್ನು, 1980ರಲ್ಲಿ ಲೀನೋ ಬ್ರೋಕಾ ಅವರ 'ಬೋನಾ'ವನ್ನು ಮಾಡಿದರು. ಇವತ್ತು ಆ ದೇಶದ ಸಿನಿಮಾ ಇತಿಹಾಸ ಅವರನ್ನು ಎತ್ತಿ ಹಿಡಿಯುವುದು ಈ ಚಿತ್ರಗಳಿಂದ. 2022ರಲ್ಲಿ ಅವರಿಗೆ ರಾಷ್ಟ್ರೀಯ ಕಲಾವಿದೆ ಎಂಬ ಗೌರವವೂ ಸಿಕ್ಕಿತು. ಅಷ್ಟು ದೀರ್ಘ ಆಯುಷ್ಯ ಸೌಂದರ್ಯ ಅವರಿಗೆ ಸಿಗಲಿಲ್ಲ, ಹಂಬಲ ಮಾತ್ರ ಒಂದೇ ಜಾತಿಯದು.

'ದ್ವೀಪ'ದಲ್ಲಿ ಸೀತಾಪರ್ವತವೆಂಬ ಗುಡ್ಡದ ಸುತ್ತ ನೀರು ಏರುತ್ತಿದೆ. ಊರಿನವರು ಪರಿಹಾರ ತೆಗೆದುಕೊಂಡು ಹೊರಟಿದ್ದಾರೆ. ಗುಡ್ಡದ ದೈವದ ಪೂಜೆ ನಡೆಸಿಕೊಂಡು ಬಂದ ದುಗ್ಗಜ್ಜನಿಗೆ ಮತ್ತು ಗಣಪನಿಗೆ ನೆಲ ಬಿಡುವುದೆಂದರೆ ತಮ್ಮ ಮರ್ಯಾದೆಯನ್ನೇ ಬಿಟ್ಟಂತೆ. ದುಗ್ಗಜ್ಜ ಸಾಯುತ್ತಾನೆ. ಕೆಲಸಕ್ಕೆ ನೆರವಾಗಲು ಬಂದ ಕೃಷ್ಣ ನಾಗಿಯ ಮುಖದಲ್ಲಿ ನಗು ತರುತ್ತಾನೆ, ಅದೇ ನಗು ಗಣಪನ ಎದೆಯಲ್ಲಿ ಅನುಮಾನವಾಗುತ್ತದೆ. ಕೃಷ್ಣ ಹೊರಟುಹೋಗುತ್ತಾನೆ. ಗಂಡ ಕುಸಿದು ಕೂತ ರಾತ್ರಿ ನೀರನ್ನೂ ಕಾಡುಪ್ರಾಣಿಯ ಭಯವನ್ನೂ ಎದುರಿಸಿ ಮನೆಯನ್ನು ಕಾಯುವವಳು ನಾಗಿ. ಬೆಳಗಾಗುತ್ತದೆ, ಮಳೆ ನಿಲ್ಲುತ್ತದೆ. ಗಣಪ ಕೃತಜ್ಞತೆ ಹೇಳುವುದು ದೈವಕ್ಕೆ.

ಆ ಕೊನೆಯ ಗಳಿಗೆಯಲ್ಲಿ ಸೌಂದರ್ಯ ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತಾರೆ. ತೆಲುಗಿನ ಹೆಂಡತಿಯರು ಇಂಥ ಜಾಗದಲ್ಲಿ ಕಣ್ಣೀರಿಟ್ಟು ಒಂದು ಮಾತಾಡುತ್ತಿದ್ದರು, ಪ್ರೇಕ್ಷಕ ಚಪ್ಪಾಳೆ ಹೊಡೆಯುತ್ತಿದ್ದ. ನಾಗಿಗೆ ಅಂಥ ಮಾತಿಲ್ಲ. ದಶಕದುದ್ದಕ್ಕೂ ತ್ಯಾಗಮಯಿ ಮಡದಿಯಾಗಿ ತೆರೆಯ ಮೇಲೆ ಮೆರೆದ ನಟಿ, ಆ ತ್ಯಾಗವನ್ನು ಮನೆ ಹೇಗೆ ನುಂಗಿಹಾಕುತ್ತದೆ ಎಂಬುದನ್ನು ತನ್ನ ಹಣದಲ್ಲಿ, ತನ್ನ ಮುಖದಲ್ಲಿ ತೋರಿಸಿದರು. ಹಿಂದಿನ ಚಿತ್ರಗಳಿಗೆ ಅವರು ಕೊಟ್ಟ ಉತ್ತರವೆಂದೇ ನಾನು 'ದ್ವೀಪ'ವನ್ನು ನೋಡುತ್ತೇನೆ. ಎಚ್.ಎಂ. ರಾಮಚಂದ್ರ ಹಾಲ್ಕೆರೆ ಅವರ ಕ್ಯಾಮೆರಾ ಮಲೆನಾಡಿನ ಮಳೆಯನ್ನು ಅಂದಕ್ಕಾಗಿ ತೋರಿಸುವುದಿಲ್ಲ. ಪ್ರತಿ ಹನಿಯೂ ಮನೆಯ ಕಡೆಗೆ ಬರುವ ನೀರೇ.

2001ನೇ ಸಾಲಿನ ಚಿತ್ರಗಳಿಗೆ ಕೊಟ್ಟ 49ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 'ದ್ವೀಪ' ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆಯಿತು. ಕಾಸರವಳ್ಳಿಯವರಿಗೆ 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ'ದ ನಂತರ ಇದು ನಾಲ್ಕನೆಯದು. ನಿರ್ಮಾಪಕಿಯಾಗಿ ಸೌಂದರ್ಯ ಅವರಿಗೆ ಮೊದಲನೆಯದು. ರಾಮಚಂದ್ರ ಅವರಿಗೆ ಅತ್ಯುತ್ತಮ ಛಾಯಾಗ್ರಹಣದ ಪ್ರಶಸ್ತಿ. ರಾಜ್ಯ ಸರ್ಕಾರ ಮೊದಲನೇ ಅತ್ಯುತ್ತಮ ಚಿತ್ರವೆಂದು ಗೌರವಿಸಿ, ಸೌಂದರ್ಯ ಅವರನ್ನು ಅತ್ಯುತ್ತಮ ನಟಿ ಎಂದಿತು. ಫಿಲ್ಮ್‌ಫೇರ್ ಕೂಡ. ರಾಷ್ಟ್ರಮಟ್ಟದ ಅತ್ಯುತ್ತಮ ನಟಿ ಗೌರವ ಆ ವರ್ಷ 'ಚಾಂದನಿ ಬಾರ್'ನ ತಬು ಮತ್ತು 'ಮಿತ್ರ್, ಮೈ ಫ್ರೆಂಡ್'ನ ಶೋಭನಾ ಅವರಿಗೆ ಹಂಚಿಹೋಯಿತು. ಅವರಿಬ್ಬರೂ ಅರ್ಹರೇ. ಆದರೂ ನಾಗಿಗೆ ಅದು ಸಿಗಬೇಕಿತ್ತು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಶೋಭನಾ ಹೆಸರು ಮತ್ತೊಮ್ಮೆ ಬರುತ್ತದೆ. 1993ರ ಮಲಯಾಳದ 'ಮಣಿಚಿತ್ರತಾಳ್' ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಅದನ್ನು ಪಿ. ವಾಸು ಕನ್ನಡದಲ್ಲಿ 'ಆಪ್ತಮಿತ್ರ' ಮಾಡಿದಾಗ ಗಂಗಾ ಮತ್ತು ನಾಗವಲ್ಲಿಯಾದವರು ಸೌಂದರ್ಯ. ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್ ನಾಯಕ, ರಮೇಶ್ ಅರವಿಂದ್ ಗಂಡ, ಗುರುಕಿರಣ್ ಸಂಗೀತ. ಮೂಲದಲ್ಲಿ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. ಕನ್ನಡದಲ್ಲಿ ಅವಳನ್ನು ಆಂಧ್ರದವಳನ್ನಾಗಿ ಮಾಡಿದರು, ಆವೇಶದ ಹಾಡನ್ನು ತೆಲುಗಿನಲ್ಲಿಯೇ ಇಟ್ಟರು. ಕನ್ನಡದ ಗೃಹಿಣಿಯ ಒಳಗಿನಿಂದ ತೆಲುಗಿನ ನರ್ತಕಿ ಎದ್ದು ಬರುತ್ತಾಳೆ! ಈ ಪಾತ್ರಕ್ಕೆ ಎರಡೂ ಭಾಷೆಯ ಜನ ತಮ್ಮವರೆಂದು ಒಪ್ಪಿಕೊಂಡ ನಟಿಯೇ ಬೇಕಿತ್ತು. ಕರ್ನಾಟಕದ ಗಲ್ಲಿಗಲ್ಲಿಯಲ್ಲಿ ತೆಲುಗಿನ ಆ ಹಾಡು ಮೊಳಗಿತು, ಯಾರಿಗೂ ಪರಕೀಯವೆನಿಸಲಿಲ್ಲ.

ಅದು ತೆರೆಗೆ ಬರುವ ಹೊತ್ತಿಗೆ ಅವರು ಇರಲಿಲ್ಲ.

2004 ಲೋಕಸಭಾ ಚುನಾವಣೆಯ ವರ್ಷ. ಸೌಂದರ್ಯ ಬಿಜೆಪಿ ಸೇರಿ ಪ್ರಚಾರಕ್ಕೆ ಇಳಿದಿದ್ದರು. ಏಪ್ರಿಲ್ 17, ಶನಿವಾರ, ಅಂದಿನ ಆಂಧ್ರದ ಕರೀಂನಗರದ ಪ್ರಚಾರಕ್ಕೆಂದು ಅಣ್ಣ ಅಮರನಾಥ್ ಜೊತೆ ಜಕ್ಕೂರಿನಿಂದ ಒಂದೇ ಎಂಜಿನ್ನಿನ ಸಣ್ಣ ಸೆಸ್ನಾ ವಿಮಾನ ಹತ್ತಿದರು. ಮೇಲೇರಿದ ಕೆಲವೇ ನಿಮಿಷಗಳಲ್ಲಿ ಅದು ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಸೌಂದರ್ಯ ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಒಂದು ಮನೆ ಒಂದೇ ಬೆಳಗಿನಲ್ಲಿ ಮಗನನ್ನೂ ಮಗಳನ್ನೂ ಕಳೆದುಕೊಂಡಿತು.

ನಾಲ್ಕು ತಿಂಗಳ ನಂತರ, ಆಗಸ್ಟ್ 27ರಂದು 'ಆಪ್ತಮಿತ್ರ' ಬಿಡುಗಡೆಯಾಯಿತು. ಜನ ಚಿತ್ರಮಂದಿರಕ್ಕೆ ಹರಿದು ಬಂದರು, ಬೆಂಗಳೂರಿನಲ್ಲಿ ವರ್ಷ ಓಡಿತು, ಸಾಲು ಸಾಲು ಸೋಲು ಕಂಡಿದ್ದ ದ್ವಾರಕೀಶ್ ಮತ್ತೆ ತಲೆ ಎತ್ತಿದರು. ಆ ವರ್ಷದ ಕನ್ನಡದ ಅತ್ಯುತ್ತಮ ನಟಿ ಫಿಲ್ಮ್‌ಫೇರ್ ಸೌಂದರ್ಯ ಹೆಸರಿಗೆ ಬಂತು. ಬಾಲಕೃಷ್ಣ ನಿರ್ದೇಶಿಸಲು ಹೊರಟಿದ್ದ ಪೌರಾಣಿಕ 'ನರ್ತನಶಾಲ'ದಲ್ಲಿ ಅವರು ದ್ರೌಪದಿ. ಚಿತ್ರೀಕರಣ ಅಲ್ಲಿಗೇ ನಿಂತಿತು. ಚಿತ್ರೀಕರಿಸಿದ್ದ ಕೆಲವು ದೃಶ್ಯಗಳು 2020ರ ಅಕ್ಟೋಬರಿನಲ್ಲಿ ಆನ್‌ಲೈನ್‌ನಲ್ಲಿ ಬಿಡುಗಡೆಯಾದವು.

ಪ್ರಶಸ್ತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತೆಲುಗಿನವೂ ಕನ್ನಡದವೂ ಕಾಣುತ್ತವೆ. ಆದರೆ ಆ ರಾಶಿಯಲ್ಲಿ ಯಾರೂ ಕರೆದು ಕೊಡದ, ಅವರೇ ಹುಡುಕಿಕೊಂಡು ಹೋದ ಗೌರವವೆಂದರೆ ಸ್ವರ್ಣಕಮಲ. ಮುಳಬಾಗಿಲು, ಕೋಲಾರ, ಮಾಲೂರು, ಶ್ರೀನಿವಾಸಪುರದ ಕಾಲೇಜುಗಳ ಮಕ್ಕಳಲ್ಲಿ ಎಷ್ಟು ಮಂದಿ 'ದ್ವೀಪ' ನೋಡಿದ್ದಾರೆ? ನಾಗವಲ್ಲಿಯನ್ನು ಎಲ್ಲರೂ ನೋಡಿದ್ದಾರೆ, ನಾಗಿಯನ್ನೂ ನೋಡಬೇಕು. ಅವರ ಹುಟ್ಟೂರಿನ ತಾಲ್ಲೂಕು ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ದೊಡ್ಡ ಪರದೆ ಕಟ್ಟಿ ಆ ಚಿತ್ರ ತೋರಿಸಬೇಕು, ಡಿಸೋಜರ ಕಾದಂಬರಿಯನ್ನೂ ಜೊತೆಗಿಟ್ಟು ಮಕ್ಕಳ ಕೈಯಲ್ಲಿ ಚರ್ಚೆ ಮಾಡಿಸಬೇಕು. ಜಿಲ್ಲೆಯ ಕನ್ನಡ ಸಂಸ್ಥೆಗಳು ಮನಸ್ಸು ಮಾಡಿದರೆ ಮುಂದಿನ ಏಪ್ರಿಲ್‌ನಲ್ಲೇ ಇದನ್ನು ಶುರುಮಾಡಬಹುದು.